ನೀರು ಕುಡಿದ ಅಲ್ಯೂಮಿನಿಯಂ

ಕೇಳುಗರಿಗೆ ನಮಸ್ಕಾರ. ಸಿನಿಮಾದಲ್ಲಿ ಕಂಡ ಕತ್ತಿಯ ಹಿಡಿಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಲೋಹದಲ್ಲೇ ಮಾಡಿ ಕಪಾಟಿನಲ್ಲಿ ಇಡಬೇಕು ಅನ್ನುವ ಹುಡುಗ ಹುಡುಗಿಯರು ಇದ್ದೀರಲ್ಲ, ಈ ಹೊತ್ತಿನ ಮಾತು ನಿಮಗೆ. ಸಮಯ ಕಡಿಮೆ, ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ಯುವಾಗ ಎಲ್ಲವೂ ಒಣಗಿರಬೇಕು. ಕರಗಿಸುವ ತುಂಡು, ಕರಗಿಸುವ ಪಾತ್ರೆಯಾದ ಮೂಸೆ, ಸೌಟು, ಇಕ್ಕಳ, ನೀವು ನಿಂತ ನೆಲ, ಎಲ್ಲವೂ.

1977ರ ‘ಸ್ಟಾರ್ ವಾರ್ಸ್’ ಚಿತ್ರದ ಬೆಳಕಿನ ಕತ್ತಿ ನಿಮಗೆ ಗೊತ್ತೇ ಇದೆ. ಅದರ ಹಿಡಿಯನ್ನು ಯಾರೂ ಎರಕ ಹೊಯ್ದಿರಲಿಲ್ಲ. ರೋಜರ್ ಕ್ರಿಶ್ಚಿಯನ್ ಎಂಬ ಸೆಟ್ ಕಲಾವಿದ ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಸಿಕ್ಕ ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್‌ಗನ್ನಿನ ಹಿಡಿಗೆ ಪಟ್ಟಿಗಳನ್ನು ಅಂಟಿಸಿ ಅದನ್ನು ಮಾಡಿದ. ಅದೇ ಚಿತ್ರದ ಮುದಿ ಗುರುವಿನ ಹಿಡಿಯಲ್ಲಂತೂ ಮೊದಲ ಮಹಾಯುದ್ಧದ ರೈಫಲ್ ಗ್ರೆನೇಡಿನ ಭಾಗವಿತ್ತು, ಜೆಟ್ ಎಂಜಿನ್ನಿನ ಕೊಳವೆಯಿತ್ತು, ತುದಿಗೆ ನಲ್ಲಿಯ ತಿರುಗಣೆಯಿತ್ತು. ಆ ಸಾಮಾನುಗಳನ್ನು ಈಗ ಎಲ್ಲಿಂದ ತರುತ್ತೀರಿ? ಮಾಡಿಕೊಳ್ಳಬೇಕು. ಕೊಳವೆಯಂಥ ದುಂಡು ಭಾಗಗಳಿಗೆ ಅಲ್ಯೂಮಿನಿಯಂ ಸರಳು ತಂದು ನೇರವಾಗಿ ಲೇತಿಗೆ, ಅಂದರೆ ತುಂಡನ್ನು ತಿರುಗಿಸುತ್ತಾ ಟೂಲಿನಿಂದ ಕೆತ್ತುವ ಯಂತ್ರಕ್ಕೆ, ಹಾಕಿ. ಉಬ್ಬುತಗ್ಗುಗಳಿರುವ ಆ ನಲ್ಲಿಯ ತಿರುಗಣೆಯನ್ನು ಮಾತ್ರ ಎರಕ ಹೊಯ್ಯುವುದೇ ಚೆಂದ.

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಕಲಿಯುತ್ತಿದ್ದ ಕಾಲ. ಇಂಥದೇ ಹತ್ತು ತಿರುಗಣೆ ಬೇಕೆಂದು ಒಬ್ಬರು ಕೇಳಿಕೊಂಡು ಬಂದರು. ಜಡಿಮಳೆ. ಕರಗಿಸಬೇಕಾದ ಹಳೆಯ ಅಲ್ಯೂಮಿನಿಯಂ ಪಿಸ್ಟನ್ನುಗಳು ಸೋರುವ ತಗಡಿನ ಕೆಳಗೆ ಬಿದ್ದಿದ್ದವು. ಕರಗಿದ ಲೋಹದ ಕೊಳೆ ತೆಗೆಯಲು ಉದುರಿಸುವ ಫ್ಲಕ್ಸ್ ಪುಡಿಯ ಚೀಲದ ಬಾಯಿ ಎರಡು ದಿನದಿಂದ ತೆರೆದೇ ಇತ್ತು. ನಾನು ಪಿಸ್ಟನ್ನುಗಳನ್ನು ಒರೆಸಿ ಮೂಸೆಗೆ ಹಾಕಿದೆ, ಪುಡಿ ಉದುರಿಸಿದೆ, ಹೊಯ್ದೆ. ಮರಳಿನ ಅಚ್ಚು ಒಡೆದು ನೋಡಿದರೆ ಹತ್ತೂ ತುಂಡು ಲಕ್ಷಣವಾಗಿ ಬಂದಿದ್ದವು. ಖುಷಿಯಿಂದ ಮೊದಲನೆಯದನ್ನು ಲೇತಿಗೆ ಕಟ್ಟಿದೆ. ಒಂದು ಸಲ ಟೂಲ್ ಹಾಯಿಸಿದೆ, ಬೆಳ್ಳಿಯ ಹಾಗೆ ಹೊಳೆಯಿತು. ಇನ್ನೊಂದು ಸಲ ಹಾಯಿಸಿದೆ. ಹೊಳಪಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಉಜ್ಜಿದಷ್ಟೂ ಹೊಸ ಚುಕ್ಕೆಗಳು. ಹತ್ತೂ ಹಾಗೆಯೇ.

ಅಲ್ಲಿ ಮೌಲ್ಡಿಂಗ್, ಅಂದರೆ ಮರಳಿನ ಅಚ್ಚು ಕಟ್ಟುವ ಕೆಲಸ, ಮಾಡುತ್ತಿದ್ದ ಹಿರಿಯರೊಬ್ಬರಿದ್ದರು, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ತುಂಡನ್ನು ಕೈಗೆ ತಗೊಂಡು ಹೆಬ್ಬೆರಳಿನಿಂದ ಸವರಿ, “ನೀರ ಕುಡದೈತಲೇ ಇದು” ಅಂದರು. ಅಷ್ಟೇ. ಮರುದಿನ ಅವರೇ ಪಿಸ್ಟನ್ನುಗಳ ಎಣ್ಣೆ ಜಿಡ್ಡು ತೆಗೆಸಿ, ಕುಲುಮೆಯ ಬಾಯಿಯ ಸುತ್ತ ಜೋಡಿಸಿಟ್ಟು ಕಾಯಿಸಿದರು. ಸೌಟು, ಇಕ್ಕಳಗಳನ್ನೂ ಕಾಯಿಸಿದರು. ಫ್ಲಕ್ಸಿನ ಹೊಸ ಚೀಲ ಒಡೆಸಿದರು. ಆಮೇಲೆ ಹೊಯ್ದ ಹತ್ತರಲ್ಲಿ ಒಂದರಲ್ಲೂ ಚುಕ್ಕೆ ಇರಲಿಲ್ಲ.

ಕಾಕಾ ಹೇಳಿದ್ದು ಅಕ್ಷರಶಃ ನಿಜ. ಕರಗಿದ ಅಲ್ಯೂಮಿನಿಯಂ ನೀರನ್ನು ಒಡೆದು ಅದರೊಳಗಿನ ಹೈಡ್ರೋಜನ್ನನ್ನು ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದರ 20ರಲ್ಲಿ ಒಂದು ಪಾಲನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದದ್ದು ಗುಳ್ಳೆಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಲೇತಿನಲ್ಲಿ ಕಾಣುತ್ತದೆ. ಒದ್ದೆಯಾಗಿದ್ದ ಪಿಸ್ಟನ್ನುಗಳಿಂದಲೂ ಗಾಳಿಯ ತೇವ ಹೀರಿದ ಫ್ಲಕ್ಸಿನಿಂದಲೂ ಬಂದದ್ದು ಆ ನೀರೇ. ಹಾಗಾಗಿ ಒಣಗಿಸಿ.

ಚುಕ್ಕೆ ಬಿದ್ದರೆ ತುಂಡು ಹಾಳು, ಅಷ್ಟೇ. ಕರಗಿದ ಲೋಹದ ಅಡಿಗೆ ನೀರು ಸಿಕ್ಕಿದರೆ ಮನುಷ್ಯ ಹಾಳು. ನೀರು ಆವಿಯಾದರೆ 1600 ಪಟ್ಟು ಹಿಗ್ಗುತ್ತದೆ, ಲೋಹವನ್ನು ಮುಖಕ್ಕೆ ಎರಚುತ್ತದೆ. ವಿಡಿಯೋ ನೋಡಿ ಮನೆಯ ಸಿಮೆಂಟು ಅಂಗಳದಲ್ಲಿ ಹೊಯ್ಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಿಮೆಂಟಿನೊಳಗೂ ನೀರಿರುತ್ತದೆ, ಬಿಸಿ ತಾಗಿದರೆ ಸಿಡಿಯುತ್ತದೆ. ಒಣ ಮರಳು ಹಾಸಿ. ಕನ್ನಡಕ, ಚರ್ಮದ ಬೂಟು ಹಾಕಿ. ಚಪ್ಪಲಿ ಖಂಡಿತ ಬೇಡ.

ಇನ್ನು ಬೇಗ ಬೇಗ ಹೇಳುತ್ತೇನೆ. ತಂಪು ಪಾನೀಯದ ಡಬ್ಬಿ ಕರಗಿಸಬೇಡಿ, ತುಂಬ ಕಿಟ್ಟ ಬರುತ್ತದೆ. ಎಲ್‌ಎಂ6 ಎಂಬ ಎರಕದ ಮಿಶ್ರಲೋಹ ಕೇಳಿ ತನ್ನಿ, ಅದರಲ್ಲಿ ಸಿಲಿಕಾನ್ ಹೆಚ್ಚು, ಸಲೀಸಾಗಿ ಹರಿಯುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ. ನೀವು 700ರಿಂದ 750ರ ಒಳಗೆ ಹೊಯ್ಯಿರಿ. ಜಾಸ್ತಿ ಕಾಯಿಸಿದಷ್ಟೂ ಹೆಚ್ಚು ಹೈಡ್ರೋಜನ್ ಕುಡಿಯುತ್ತದೆ. ತಣ್ಣಗಾದಾಗ 100 ಮಿಲಿಮೀಟರಿಗೆ ಸುಮಾರು 1.3 ಮಿಲಿಮೀಟರ್ ಕುಗ್ಗುತ್ತದೆ. ಅಂಗಡಿಯಲ್ಲಿ ಕೊಂಡ ಹಿಡಿಯನ್ನೇ ಮರಳಿಗೊತ್ತಿ ಅಚ್ಚು ತೆಗೆದರೆ ಚಿಕ್ಕದೇ ಬರುತ್ತದೆ. ಪ್ಯಾಟರ್ನನ್ನು, ಅಂದರೆ ಮರಳಿಗೊತ್ತುವ ಮಾದರಿಯನ್ನು, ದೊಡ್ಡದಾಗಿ ಮಾಡಿ. ಟೂಲ್ ತಾಗುವ ಕಡೆ ಇನ್ನೂ 2 ಮಿಲಿಮೀಟರ್ ಬಿಡಿ. ತುಂಡನ್ನು ಕಚ್ಚಿಕೊಳ್ಳುವ ಲೇತಿನ ಚಕ್ ಹಿಡಿಯುವುದಕ್ಕೆ ಒಂದು ಗೂಟವನ್ನೂ ಸೇರಿಸಿಯೇ ಹೊಯ್ಯಿರಿ, ಕೆಲಸವೆಲ್ಲ ಮುಗಿದ ಮೇಲೆ ಕತ್ತರಿಸಿದರಾಯಿತು. ಅಲ್ಯೂಮಿನಿಯಂ ಟೂಲಿನ ತುದಿಗೆ ಮೆತ್ತಿಕೊಳ್ಳುತ್ತದೆ, ಸೀಮೆಎಣ್ಣೆ ತೊಟ್ಟಿಕ್ಕಿಸುತ್ತಿರಿ.

ಹೊಳಪಿನ ವಿಚಾರಕ್ಕೆ ಸಮಯ ಉಳಿಯಲಿಲ್ಲ. ಫ್ಲಕ್ಸಿನ ಚೀಲ ಮನೆಯಲ್ಲಿದ್ದವರು ಈಗಲೇ ಎದ್ದು ಅದರ ಬಾಯಿ ಕಟ್ಟಿಡಿ. ನಮಸ್ಕಾರ.