ರಸಮೇವಿನ ಮೆಕ್ಕೆಜೋಳ: ತಳಿಯ ಆಯ್ಕೆ ಮತ್ತು ಶಿಲೀಂಧ್ರನಾಶಕದ ಬಳಕೆ

ರೈತ ಬಾಂಧವರಿಗೆ ನಮಸ್ಕಾರ. ದಾವಣಗೆರೆ, ಹಾವೇರಿ, ಚಿತ್ರದುರ್ಗದ ಕಡೆ ಮೆಕ್ಕೆಜೋಳವೆಂದರೆ ಮುಖ್ಯವಾಗಿ ಕಾಳಿನ ಬೆಳೆ. ಹೈನುಗಾರಿಕೆಯನ್ನು ನೆಚ್ಚಿಕೊಂಡವರು ಇಡೀ ಗಿಡವನ್ನೇ ಕತ್ತರಿಸಿ, ಗುಂಡಿಯಲ್ಲೋ ಚೀಲದಲ್ಲೋ ಗಾಳಿಯಾಡದಂತೆ ಒತ್ತಿ ತುಂಬಿ, ಹುಳಿಬರಿಸಿ, ಅದನ್ನು ರಸಮೇವು ಮಾಡಿಕೊಳ್ಳುತ್ತಾರೆ. ಕಾಳಿಗಾಗಿ ಬೆಳೆಯುವವರು, ಕೆಳಗಿನ ಎಲೆ ಒಣಗಿದರೂ ತೆನೆ ತುಂಬಿದರೆ ಸಾಕು ಎನ್ನಬಹುದು. ರಸಮೇವಿಗೆ ಬೆಳೆಯುವವರಿಗೆ ಎಲೆಯೂ ದಂಟೂ ಫಸಲೇ ಆಗಿರುವುದರಿಂದ, ಎಲೆಗೆ ಬಂದ ರೋಗ ನೇರವಾಗಿ ಮೇವಿಗೇ ಬಂದ ರೋಗ.

ತಳಿ ಆರಿಸುವಾಗ ಎತ್ತರವೊಂದನ್ನೇ ನೋಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಆಫ್ರಿಕನ್ ಟಾಲ್ ಎಂಬ ಮೇವಿನ ತಳಿ ಎಲೆತುಂಬಿ ಎತ್ತರಕ್ಕೆ ಬೆಳೆಯುತ್ತದೆ, ದಿನವೂ ಕೊಯ್ದು ಹಾಕುವ ಹಸಿಮೇವಿಗೆ ಒಳ್ಳೆಯದೇ. ಆದರೆ ರಸಮೇವಿನ ಶಕ್ತಿಯ ದೊಡ್ಡ ಪಾಲು ಕಾಳಿನ ಪಿಷ್ಟದಿಂದ ಬರುವುದರಿಂದ, ಚೆನ್ನಾಗಿ ತೆನೆ ಕಟ್ಟುವ, ತೆನೆ ಬಲಿಯುವವರೆಗೂ ಎಲೆ ಹಸಿರಾಗಿರುವ, ದಂಟು ಬೀಳದ ಸಂಕರಣ ತಳಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರ ಜೊತೆಗೆ ನಿಮ್ಮ ಸೀಮೆಯಲ್ಲಿ ಯಾವ ರೋಗ ಹೆಚ್ಚು ಎಂಬುದನ್ನೂ ನೋಡಬೇಕು. ದಕ್ಷಿಣ ಕರ್ನಾಟಕದ ಮುಂಗಾರಿನಲ್ಲಿ ಎಲೆ ಅಂಗಮಾರಿ ಮತ್ತು ಕೇದಿಗೆ ರೋಗಗಳ ಕಾಟ ಹೆಚ್ಚು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ ಬಂದ ಹೇಮಾ, ನಿತ್ಯಶ್ರೀಯಂತಹ ತಳಿಗಳನ್ನು ರೂಪಿಸುವಾಗ ರೋಗ ತಡೆಯುವ ಗುಣಕ್ಕೆ ಒತ್ತು ಕೊಟ್ಟದ್ದು ಈ ಕಾರಣಕ್ಕೇ.

ಕೇದಿಗೆ ರೋಗ ಎಳೆಯ ಗಿಡಕ್ಕೇ ತಗಲುತ್ತದೆ. ಎಲೆಯಲ್ಲಿ ಬಿಳಿಚಿದ ಉದ್ದ ಪಟ್ಟೆಗಳು ಮೂಡಿ, ಬೆಳಗಿನ ಹೊತ್ತು ಎಲೆಯಡಿ ಬಿಳಿ ಬೂಸು ಕಾಣುತ್ತದೆ. ಹೀಗಾದ ಗಿಡ ತೆನೆ ಕಟ್ಟುವುದು ಕಷ್ಟ. ಆದ್ದರಿಂದ ಇಲ್ಲಿ ಬಿತ್ತುವ ಮುನ್ನವೇ ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕದಿಂದ ಬೀಜೋಪಚಾರ ಮಾಡುವುದೇ ಮುಖ್ಯ. ರೋಗಪೀಡಿತ ಗಿಡಗಳನ್ನು ಕಂಡ ಕೂಡಲೇ ಕಿತ್ತು ಹಾಕಬೇಕು.

ಎಲೆ ಅಂಗಮಾರಿಯ ವಿಷಯದಲ್ಲಿ ಹೊತ್ತು ನೋಡುವುದು ಹೆಚ್ಚು ಮುಖ್ಯ. ತಂಪು ಹವೆಯಲ್ಲಿ, ಇಬ್ಬನಿ ಬಹಳ ಹೊತ್ತು ನಿಲ್ಲುವ ದಿನಗಳಲ್ಲಿ, ಕೆಳಗಿನ ಎಲೆಗಳ ಮೇಲೆ ದೋಣಿಯಾಕಾರದ ಬೂದುಬಣ್ಣದ ಉದ್ದ ಮಚ್ಚೆಗಳು ಮೂಡಿ ಮೇಲಕ್ಕೆ ಹರಡುತ್ತವೆ. ತೆನೆಯ ಸುತ್ತಲಿನ ಮತ್ತು ಅದರ ಮೇಲಿನ ಎಲೆಗಳೇ ಕಾಳಿಗೆ ಹೆಚ್ಚಿನ ಆಹಾರ ಒದಗಿಸುವುದರಿಂದ, ಸೂಲಂಗಿ (ಗಿಡದ ತುದಿಯ ಗಂಡುಹೂ) ಬರುವ ಮೊದಲೇ ಮಚ್ಚೆಗಳು ತೆನೆಯತ್ತ ಏರುತ್ತಿದ್ದು, ತಳಿಯೂ ರೋಗಕ್ಕೆ ಸುಲಭವಾಗಿ ತುತ್ತಾಗುವಂಥದ್ದಾಗಿದ್ದರೆ, ಸಿಂಪಡಣೆಗೆ ಅರ್ಥವಿದೆ. ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಬೆರೆಸುವುದು ಬಹುಕಾಲದ ಶಿಫಾರಸು. ಅದು ಬಿದ್ದ ಜಾಗವನ್ನಷ್ಟೇ ಕಾಯುತ್ತದೆ, ಒಳಹೊಕ್ಕ ರೋಗವನ್ನು ವಾಸಿಮಾಡುವುದಿಲ್ಲ. ಅಜಾಕ್ಸಿಸ್ಟ್ರೋಬಿನ್ ಮತ್ತು ಡೈಫೆನೊಕೊನಜೋಲ್ ಕೂಡಿರುವ ಔಷಧ ಎಲೆಯೊಳಗೂ ಸೇರುತ್ತದೆ, ಆದರೆ ಬೆಲೆ ಹೆಚ್ಚು. ಕಾಳು ಹಿಟ್ಟಾಗತೊಡಗಿದ ಮೇಲೆ ಮಚ್ಚೆ ಕಂಡರೆ ಹಣ ಸುರಿಯಬೇಡಿ. ಎಲೆಗೆ ಬಿದ್ದ ಔಷಧ ಹಸುವಿನ ಬಾಯಿಗೇ ಹೋಗುವುದರಿಂದ, ಸಿಂಪಡಿಸಿದ ಮೇಲೆ ಕಾಯಬೇಕೆಂದು ಡಬ್ಬಿಯ ಚೀಟಿಯಲ್ಲಿ ಬರೆದ ಅವಧಿ ಮುಗಿಯದೆ ಕೊಯ್ಯಲೇಬಾರದು.

ಸಿಂಪಡಿಸಿದ ಬೆಳೆಯಲ್ಲಿ, ಹಸಿರು ನಿಲ್ಲುವ ತಳಿಯಲ್ಲಿ, ಎಲೆಯ ಬಣ್ಣ ನೋಡಿ ಕೊಯ್ಲು ನಿರ್ಧರಿಸಿದರೆ ಮೋಸಹೋಗುತ್ತೇವೆ. ಎಲೆ ಹಸಿರಾಗಿಯೇ ಇರುತ್ತದೆ, ಒಳಗೆ ಕಾಳು ಕಲ್ಲಾಗಿರುತ್ತದೆ. ಅಂತಹ ಕಾಳು ಒಡೆಯದೆ ಸಗಣಿಯಲ್ಲಿ ಹಾಗೆಯೇ ಹೊರಬೀಳುತ್ತದೆ. ತೆನೆ ಮುರಿದು ನೋಡಿ: ಕಾಳಿನ ಹೊರತುದಿಯಿಂದ ಗಟ್ಟಿಯಾಗುತ್ತಾ ಬಂದ ಭಾಗಕ್ಕೂ ಹಾಲಿನಂತಿರುವ ಭಾಗಕ್ಕೂ ನಡುವಿನ ಗೆರೆ ಅರ್ಧಕ್ಕೆ ಇಳಿದಿದ್ದರೆ, ಇಡೀ ಗಿಡದಲ್ಲಿ ಒಣ ಅಂಶ (ನೀರು ಬಿಟ್ಟು ಉಳಿದದ್ದು) ಸಾಮಾನ್ಯವಾಗಿ ಶೇಕಡ 30ರಿಂದ 35ರ ಆಸುಪಾಸಿನಲ್ಲಿರುತ್ತದೆ, ಅದೇ ಕೊಯ್ಯುವ ಹೊತ್ತು. ರೋಗದಿಂದ ಎಲೆ ಒಣಗುತ್ತಿರುವ ಹೊಲದ ಕಥೆ ಇದಕ್ಕೆ ವಿರುದ್ಧ. ಅದನ್ನು ಕೆಲವು ದಿನ ಮುಂಚೆಯೇ ಕೊಯ್ದು, ಸಣ್ಣಗೆ ಕತ್ತರಿಸಬೇಕು; ಇಲ್ಲವಾದರೆ ಒಣಗರಿ ಸರಿಯಾಗಿ ಅಡಕವಾಗದೆ, ಗಾಳಿ ಉಳಿದು, ಗುಂಡಿ ಬಿಸಿಯಾಗಿ ಬೂಸು ಹಿಡಿಯುತ್ತದೆ.

ಎಲೆಗೆ ಸಿಂಪಡಿಸಿದ ಔಷಧ ತೆನೆಯ ಬೂಸನ್ನು ಖಾತರಿಯಾಗಿ ತಡೆಯುತ್ತದೆಂದು ನಂಬಬೇಡಿ. ಬೂಸಿನಿಂದ ಹೊಲದಲ್ಲೇ ಕಾಳಿಗೆ ಸೇರಿದ ಅಫ್ಲಾಟಾಕ್ಸಿನ್ ಎಂಬ ವಿಷ ರಸಮೇವಿನ ಹುಳಿಯಿಂದ ನಾಶವಾಗುವುದಿಲ್ಲ, ಹಸುವಿನ ಮೂಲಕ ಹಾಲಿಗೂ ಇಳಿಯುತ್ತದೆ. ಹಸುವಿನ ದೇಹದಲ್ಲಿ ಮಾರ್ಪಟ್ಟು ಹಾಲಿಗೆ ಬರುವ ಅದರ ಎಂ1 ರೂಪಕ್ಕೆ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಇಟ್ಟಿರುವ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ ಮಾತ್ರ. ಆದ್ದರಿಂದ ಕೊಯ್ಲಿಗೆ ಮುನ್ನ ಹೊಲದ ನಾಲ್ಕೈದು ಕಡೆ ತೆನೆಯ ಸಿಪ್ಪೆ ಸುಲಿದು ನೋಡಿ, ಹಸಿರು ಅಥವಾ ಗುಲಾಬಿ ಬೂಸು ಹಿಡಿದ ತೆನೆಗಳನ್ನು ಮುರಿದು ಬೇರೆ ಹಾಕಿ. ಅವು ಗುಂಡಿಗೂ ಬೇಡ, ಕೊಟ್ಟಿಗೆಗೂ ಬೇಡ.