ಗ್ಯಾಲಕ್ಸಿ ಗೊಂಚಲುಗಳ ಆಚೆಗೆ ನೋಡುವುದು

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಆಕಾಶದ ಬಗ್ಗೆ ಮಾತಾಡಲು ನನಗೆ ಯಾವತ್ತೂ ಖುಷಿ. ಮಳೆಗಾಲದ ನಾಲ್ಕು ತಿಂಗಳು ಒಂದು ನಕ್ಷತ್ರವೂ ಕಾಣದೆ ಕೂತು, ದೀಪಾವಳಿ ಹೊತ್ತಿಗೆ ಮೋಡ ಸರಿದ ಕೂಡಲೇ ಟೆಲಿಸ್ಕೋಪ್ ಹೊತ್ತು ತಾರಸಿ ಹತ್ತುವ ಜನ ಈ ಊರಿನಲ್ಲಿದ್ದಾರೆ. ಇವತ್ತು ನಾನು ಮಾತಾಡುವುದು ಯಾರೂ ಕಟ್ಟದ ಒಂದು ಟೆಲಿಸ್ಕೋಪಿನ ಬಗ್ಗೆ: ತಮ್ಮ ಹಿಂದಿನಿಂದ ಬರುವ ಬೆಳಕನ್ನು ಬಾಗಿಸಿ, ಹಿಗ್ಗಿಸಿ ತೋರಿಸುವ ಗ್ಯಾಲಕ್ಸಿ ಗೊಂಚಲುಗಳು. ಅದರಲ್ಲಿ ಏನೇನು ಕಂಡಿತು ಅನ್ನುವುದನ್ನು ಪೇಪರಿನಲ್ಲಿ ಓದಿರುತ್ತೀರಿ. ಆದರೆ ಅದರಲ್ಲಿ ಕಂಡದ್ದನ್ನು ನಂಬುವುದು ಹೇಗೆ? ನನಗೆ ಆ ಪ್ರಶ್ನೆಯೇ ಮುಖ್ಯ. ಅದಕ್ಕೆ ಬಹಳ ಚೆಂದದ ಒಂದು ಉತ್ತರವೂ ಇದೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ ಆಯ್ತು. ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಅದಕ್ಕೆ ಸುಮಾರು ನೂರು ವರ್ಷ ಹಿಂದೆ, 1919ರ ಮೇ ತಿಂಗಳಲ್ಲಿ ಖಗ್ರಾಸ ಗ್ರಹಣವೊಂದು ಆಗಿತ್ತು. ಬ್ರೆಜಿಲಿನ ಸೊಬ್ರಾಲ್‌ಗೆ ಒಂದು ತಂಡ ಹೋಯಿತು, ಆಫ್ರಿಕಾ ಕರಾವಳಿಯ ಪ್ರಿನ್ಸಿಪೆ ದ್ವೀಪಕ್ಕೆ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ಹೋದರು. ಸೂರ್ಯನ ಪಕ್ಕದಲ್ಲಿ ಕಾಣುವ ನಕ್ಷತ್ರಗಳು ತಮ್ಮ ಜಾಗದಿಂದ ಸ್ವಲ್ಪ ಸರಿದ ಹಾಗೆ ಕಾಣುತ್ತವೆಯೇ ಎಂದು ಅಳೆಯುವುದು ಅವರ ಕೆಲಸ. ಕಂಕಣ ಗ್ರಹಣದಲ್ಲಿ ಇದು ಆಗುವುದಿಲ್ಲ, ಆಗ ಆಕಾಶ ಕತ್ತಲಾಗುವುದೇ ಇಲ್ಲವಲ್ಲ. ಐನ್‌ಸ್ಟೈನ್ ಲೆಕ್ಕದ ಪ್ರಕಾರ ಸೂರ್ಯನ ಅಂಚನ್ನು ಸವರಿ ಬರುವ ಬೆಳಕು 1.75 ಆರ್ಕ್ ಸೆಕೆಂಡ್ ಬಾಗಬೇಕು. ಒಂದು ಡಿಗ್ರಿಯನ್ನು 3600 ಚೂರು ಮಾಡಿದರೆ ಒಂದು ಚೂರೇ ಒಂದು ಆರ್ಕ್ ಸೆಕೆಂಡ್. ಅಷ್ಟು ಸಣ್ಣ ಸಂಗತಿ. ಅಳತೆ ಐನ್‌ಸ್ಟೈನ್ ಕಡೆಗೇ ಬಂತು.

ಬೆಳಕು ಬಾಗುತ್ತದೆ ಅಂದ ಮೇಲೆ ಮುಂದಿನ ಯೋಚನೆ ಸಹಜ. ಒಂದು ಭಾರದ ವಸ್ತು ಲೆನ್ಸ್ ಆಗಬಹುದಲ್ವಾ? ರೂಡಿ ಮಾಂಡ್ಲ್ ಎಂಬ ಎಂಜಿನಿಯರ್ ಇದನ್ನೇ ಹಿಡಿದು ಐನ್‌ಸ್ಟೈನರ ಬೆನ್ನುಬಿದ್ದರು. ಅವರ ಒತ್ತಾಯಕ್ಕೆ ಐನ್‌ಸ್ಟೈನ್ 1936ರಲ್ಲಿ ಒಂದು ಪುಟ್ಟ ಲೇಖನ ಬರೆದರು, ಆದರೆ ಒಂದು ನಕ್ಷತ್ರ ಇನ್ನೊಂದಕ್ಕೆ ಲೆನ್ಸ್ ಆಗುವುದನ್ನು ನೇರವಾಗಿ ನೋಡುವ ಆಸೆ ಇಟ್ಟುಕೊಳ್ಳಬೇಡಿ ಅನ್ನುವ ಧಾಟಿಯಲ್ಲಿ. ಮರುವರ್ಷವೇ ಖಗೋಳ ವಿಜ್ಞಾನಿ ಫ್ರಿಟ್ಸ್ ಜ್ವಿಕಿ, ನಕ್ಷತ್ರವನ್ನು ಬಿಡಿ, ಇಡೀ ಗ್ಯಾಲಕ್ಸಿಗಳನ್ನೂ ಅವುಗಳ ಗೊಂಚಲುಗಳನ್ನೂ ನೋಡಿ ಎಂದರು. ಕೋಮಾ ಗೊಂಚಲಿನಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಜಾಸ್ತಿ ದ್ರವ್ಯ ಇದೆ ಎಂದು 1933ರಲ್ಲೇ ಹೇಳಿದವರೂ ಅವರೇ. ಆಗ ಅವರ ಮಾತು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ಗೊಂಚಲು ಅಂದರೆ ನೂರಾರು, ಕೆಲವೊಮ್ಮೆ ಸಾವಿರ ದಾಟಿದ ಗ್ಯಾಲಕ್ಸಿಗಳು ಒಂದರ ಸೆಳೆತದಲ್ಲಿ ಇನ್ನೊಂದು ಸಿಕ್ಕಿಕೊಂಡು ಒಟ್ಟಿಗೆ ಇರುವ ಜಾಗ. ದೊಡ್ಡ ಗೊಂಚಲಿನ ತೂಕ ನಮ್ಮ ಸೂರ್ಯನಂಥ 1000 ಲಕ್ಷ ಕೋಟಿ ಸೂರ್ಯರಷ್ಟು. ಅದರಲ್ಲಿ ನಕ್ಷತ್ರಗಳ ಪಾಲು ತೀರಾ ಕಡಿಮೆ. ಅದಕ್ಕಿಂತ ಜಾಸ್ತಿ ಇರುವುದು ಕೋಟಿಗಟ್ಟಲೆ ಡಿಗ್ರಿ ಕಾದ, ಎಕ್ಸ್-ರೇಯಲ್ಲಿ ಮಾತ್ರ ಹೊಳೆಯುವ ಅನಿಲ. ಉಳಿದ ದೊಡ್ಡ ಪಾಲು, ನೂರರಲ್ಲಿ ಎಂಬತ್ತಕ್ಕೂ ಮೇಲೆ, ಡಾರ್ಕ್ ಮ್ಯಾಟರ್, ಅಂದರೆ ಬೆಳಕನ್ನೇ ಕೊಡದ ದ್ರವ್ಯ. ಬೆಳಕನ್ನು ಬಾಗಿಸುವಾಗ ಗುರುತ್ವ ಇದು ಕಾಣುವ ವಸ್ತು, ಇದು ಕಾಣದ್ದು ಎಂದು ಭೇದ ಮಾಡುವುದಿಲ್ಲ.

1980ರ ದಶಕದಲ್ಲಿ ಏಬೆಲ್ 370 ಎಂಬ ಗೊಂಚಲಿನ ಚಿತ್ರದಲ್ಲಿ ಉದ್ದನೆಯ ಒಂದು ಕಮಾನು ಕಾಣಿಸಿತು. ಫ್ರಾನ್ಸಿನ ಟುಲೂಸ್‌ನವರು ಮತ್ತು ಅಮೆರಿಕದವರು, ಎರಡೂ ಕಡೆಯವರು ಇದನ್ನು ಗಮನಿಸಿದರು. ಇದು ಗೊಂಚಲಿನೊಳಗೇ ಇರುವ ಯಾವುದೋ ವಿಚಿತ್ರ ವಸ್ತುವೋ, ಹಿಂದೆ ಇರುವ ಗ್ಯಾಲಕ್ಸಿಯ ಎಳೆದುಹೋದ ಬಿಂಬವೋ? ಟುಲೂಸ್ ತಂಡ ಕಮಾನಿನ ರೆಡ್‌ಶಿಫ್ಟ್ ಅಳೆದು ನೋಡಿತು. ವಿಶ್ವ ಹಿಗ್ಗುವುದರಿಂದ ಬೆಳಕು ಎಷ್ಟು ಕೆಂಪಿನ ಕಡೆ ಸರಿದಿದೆ ಎಂಬ ಅಳತೆ ಅದು, ಜಾಸ್ತಿ ಇದ್ದಷ್ಟೂ ವಸ್ತು ದೂರ. ಗೊಂಚಲಿನದು ಸುಮಾರು 0.37, ಕಮಾನಿನದು 0.72. ಗೊಂಚಲಿನ ಬೆಳಕು ಹೊರಟು 400 ಕೋಟಿ ವರ್ಷ, ಕಮಾನಿನ ಬೆಳಕು ಹೊರಟು 650 ಕೋಟಿ ವರ್ಷ. ಅಲ್ಲಿಗೆ ವಾದ ಮುಗಿಯಿತು. ಜ್ವಿಕಿ ಹೇಳಿ ಅರ್ಧ ಶತಮಾನ ಆಗಿತ್ತು.

ಈ ಲೆನ್ಸು ನಿಮ್ಮ ಲ್ಯಾಬಿನ ಪೀನ ಮಸೂರದ ಥರ ಅಲ್ಲ. ಮಸೂರದಲ್ಲಿ ಅಂಚಿನ ಬೆಳಕು ಜಾಸ್ತಿ ಬಾಗುತ್ತದೆ, ಹಾಗಾಗಿ ಎಲ್ಲವೂ ಒಂದೇ ಬಿಂದುವಿಗೆ ಬಂದು ಸೇರುತ್ತದೆ. ಗೊಂಚಲಿನಲ್ಲಿ ಹೊರಗೆ ಹೋದಷ್ಟೂ ಸೆಳೆತ ಸಡಿಲವಾಗುತ್ತದೆ, ಬೆಳಕು ಒಂದು ಕಡೆ ಸೇರುವುದಿಲ್ಲ. ಅದಕ್ಕೇ ಒಂದು ಗ್ಯಾಲಕ್ಸಿ ಎರಡಾಗಿ, ಮೂರಾಗಿ, ಐದಾಗಿ ಕಾಣುತ್ತದೆ, ಕಮಾನಾಗಿ ಎಳೆದುಹೋಗುತ್ತದೆ. ಇನ್ನೊಂದು ಒಳ್ಳೆಯ ಗುಣ, ಎಲ್ಲ ಬಣ್ಣವೂ ಅಷ್ಟೇ ಬಾಗುತ್ತದೆ. ದೂರ ದೂರ ಬಿದ್ದ ಎರಡು ಬಿಂಬಗಳ ಬಣ್ಣವೂ ರೆಡ್‌ಶಿಫ್ಟೂ ಒಂದೇ ಆಗಿದ್ದರೆ ಅವು ಒಂದೇ ಗ್ಯಾಲಕ್ಸಿಯವು ಎಂದು ಹಿಡಿಯಲು ಇದು ದೊಡ್ಡ ಸಹಾಯ.

ಲಾಭ ಎಷ್ಟು ಅಂತ ಕೇಳಿ. ಒಂದು ಚುಕ್ಕಿ ಹತ್ತು ಪಟ್ಟು ಪ್ರಕಾಶವಾಗಿ ಕಂಡರೆ, ಅದನ್ನು ಆಕಾಶದ ಹಿನ್ನೆಲೆ ಬೆಳಕಿನಿಂದ ಬೇರ್ಪಡಿಸಲು ಬೇಕಾದ ಸಮಯ ನೂರು ಪಟ್ಟು ಕಡಿಮೆಯಾಗುತ್ತದೆ. 2022ರ ಜುಲೈಯಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪಿನ ಮೊದಲ ಬಣ್ಣದ ಚಿತ್ರ ಬಂತಲ್ಲ, ಅದು ಎಸ್‌ಮ್ಯಾಕ್ಸ್ 0723 ಎಂಬ ಗೊಂಚಲಿನದು. ಹನ್ನೆರಡೂವರೆ ಗಂಟೆಯಲ್ಲಿ ತೆಗೆದದ್ದು. ಮೊದಲ ಚಿತ್ರಕ್ಕೇ ಗೊಂಚಲನ್ನು ಆರಿಸಿದ್ದು ಸುಮ್ನೆ ಅಲ್ಲ. ನಷ್ಟವೂ ಇದೆ. ಹತ್ತು ಪಟ್ಟು ಹಿಗ್ಗಿದ ಕಡೆ ಹಿಂದಿನ ಆಕಾಶದ ಹತ್ತನೇ ಒಂದು ಭಾಗವಷ್ಟೇ ನಮಗೆ ಕಾಣುತ್ತದೆ. ಆಳ ಸಿಕ್ಕಿತು, ಅಗಲ ಹೋಯಿತು.

ಈಗ ನಾನು ಮೊದಲು ಕೇಳಿದ ಪ್ರಶ್ನೆಗೆ ಬರುತ್ತೇನೆ. ಹಿಂದಿನ ಗ್ಯಾಲಕ್ಸಿಯ ನಿಜವಾದ ಗಾತ್ರ, ನಿಜವಾದ ಪ್ರಕಾಶ ಗೊತ್ತಾಗಬೇಕಾದರೆ ಲೆನ್ಸು ಎಷ್ಟು ಹಿಗ್ಗಿಸಿದೆ ಎಂದು ಗೊತ್ತಿರಬೇಕು. ಅದಕ್ಕೆ ಗೊಂಚಲಿನಲ್ಲಿ ತೂಕ ಎಲ್ಲೆಲ್ಲಿ ಎಷ್ಟೆಷ್ಟು ಇದೆ ಎಂಬ ನಕ್ಷೆ ಬೇಕು. ಆದರೆ ತೂಕದ ಬಹುಪಾಲು ಕಾಣುವುದೇ ಇಲ್ಲ! ಹಾಗಾಗಿ ನಕ್ಷೆಯನ್ನೂ ಅದೇ ಬಿಂಬಗಳಿಂದಲೇ ಮಾಡಬೇಕು. ಯಾವ ಬಿಂಬಗಳು ಒಂದೇ ಗ್ಯಾಲಕ್ಸಿಯವು ಎಂದು ಹೊಂದಿಸುತ್ತಾರೆ, ಗೊಂಚಲಿನ ಪ್ರತಿ ಗ್ಯಾಲಕ್ಸಿಗೂ ಅದರ ಬೆಳಕಿಗೆ ತಕ್ಕಷ್ಟು ತೂಕ ಕೊಡುತ್ತಾರೆ, ಡಾರ್ಕ್ ಮ್ಯಾಟರ್‌ನ ದೊಡ್ಡ ಹರವುಗಳನ್ನು ಇಡುತ್ತಾರೆ, ಆಮೇಲೆ ಎಲ್ಲ ಬಿಂಬಗಳೂ ಕಂಡ ಜಾಗದಲ್ಲೇ ಬರುವ ತನಕ ಅದನ್ನು ತಿದ್ದುತ್ತಾ ಹೋಗುತ್ತಾರೆ. ಇಲ್ಲಿ ಯಾರಿಗಾದರೂ ಅನುಮಾನ ಬರಬೇಕು. ಉತ್ತರ ಗೊತ್ತಿಟ್ಟುಕೊಂಡು ಲೆಕ್ಕ ಹೊಂದಿಸಿದ ಹಾಗಾಯ್ತಲ್ಲ ಇದು?

ಇದನ್ನು ಪರೀಕ್ಷಿಸುವ ಅವಕಾಶ 2014ರ ನವೆಂಬರಿನಲ್ಲಿ ತಾನಾಗಿ ಬಂತು. ಮ್ಯಾಕ್ಸ್ ಜೆ1149 ಎಂಬ ಗೊಂಚಲನ್ನು ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್ ನೋಡುತ್ತಿದ್ದಾಗ, ಖಗೋಳ ವಿಜ್ಞಾನಿ ಪ್ಯಾಟ್ರಿಕ್ ಕೆಲ್ಲಿ ಅವರಿಗೆ ಗೊಂಚಲಿನ ಒಂದು ಗ್ಯಾಲಕ್ಸಿಯ ಸುತ್ತ ನಾಲ್ಕು ಹೊಸ ಚುಕ್ಕಿಗಳು ಕಂಡವು. ನಾಲ್ಕೂ ಒಂದೇ ಸೂಪರ್‌ನೋವಾ. 900 ಕೋಟಿ ವರ್ಷಕ್ಕೂ ಹಿಂದೆ ಸಿಡಿದ ಒಂದು ನಕ್ಷತ್ರ. ಅದಕ್ಕೆ ರೆಫ್ಸ್‌ಡಾಲ್ ಎಂದು ಹೆಸರಿಟ್ಟರು. ನಾರ್ವೆಯ ಶುರ್ ರೆಫ್ಸ್‌ಡಾಲ್ 1964ರಲ್ಲೇ ಹೇಳಿದ್ದರು, ಲೆನ್ಸಿನ ಹಿಂದೆ ಸೂಪರ್‌ನೋವಾ ಸಿಡಿದರೆ ಅದರ ಬಿಂಬಗಳು ಬೇರೆ ಬೇರೆ ಸಮಯಕ್ಕೆ ಬರುತ್ತವೆ, ಆ ಅಂತರದಿಂದ ವಿಶ್ವ ಎಷ್ಟು ಬೇಗ ಹಿಗ್ಗುತ್ತಿದೆ ಎಂದು ಅಳೆಯಬಹುದು ಎಂದು. ಅಂತರ ಬರಲು ಎರಡು ಕಾರಣ. ಒಂದು ದಾರಿ ಇನ್ನೊಂದಕ್ಕಿಂತ ಉದ್ದ. ಜೊತೆಗೆ, ಗುರುತ್ವ ಜೋರಾಗಿರುವಲ್ಲಿ ಹಾದುಬಂದ ಬೆಳಕು ತಡವಾಗಿ ತಲುಪುತ್ತದೆ.

ಸೂಪರ್‌ನೋವಾ ಇದ್ದ ಸುರುಳಿ ಗ್ಯಾಲಕ್ಸಿಯನ್ನು ಆ ಗೊಂಚಲು ಮೂರು ಕಡೆ ತೋರಿಸುತ್ತಿತ್ತು. ಒಂದರಲ್ಲಿ ಈ ನಾಲ್ಕು ಚುಕ್ಕಿ. ಇನ್ನೊಂದರಲ್ಲಿ ಸ್ಫೋಟ 1990ರ ದಶಕದಲ್ಲೇ ಆಗಿಹೋಗಿರಬೇಕು, ಯಾರೂ ನೋಡಿರಲಿಲ್ಲ. ಮೂರನೆಯದರಲ್ಲಿ ಇನ್ನೂ ಆಗಬೇಕಿತ್ತು. ಬೇರೆ ಬೇರೆ ತಂಡಗಳು ತಮ್ಮ ತಮ್ಮ ನಕ್ಷೆ ಹಿಡಿದು, ಇಂಥ ಜಾಗದಲ್ಲಿ, ಸುಮಾರು ಇಷ್ಟು ಹೊತ್ತಿಗೆ, ಇಷ್ಟು ಪ್ರಕಾಶದಲ್ಲಿ ಅದು ಕಾಣಿಸುತ್ತದೆ ಎಂದು ಮೊದಲೇ ಎಲ್ಲರೆದುರು ಪ್ರಕಟಿಸಿದವು. 2015ರ ಡಿಸೆಂಬರ್ 11ರಂದು ಹಬಲ್ ತೆಗೆದ ಚಿತ್ರದಲ್ಲಿ, ಹೇಳಿದ ಜಾಗದಲ್ಲೇ ಅದು ಕಂಡಿತು. ಮೊದಲ ನಾಲ್ಕಕ್ಕೂ ಇದಕ್ಕೂ ನಡುವೆ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅಂತರ. ಆಕಾಶದಲ್ಲಿ ಒಂದು ಸೂಪರ್‌ನೋವಾ ಯಾವಾಗ, ಎಲ್ಲಿ ಕಾಣುತ್ತದೆ ಎಂದು ಮನುಷ್ಯ ಮೊದಲೇ ಹೇಳಿ ನೋಡಿದ್ದು ಅದೇ ಮೊದಲು. ರೆಫ್ಸ್‌ಡಾಲ್ 2009ರಲ್ಲಿ ತೀರಿಕೊಂಡಿದ್ದರು. ಅವರು ಇದನ್ನು ನೋಡಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಕಾಣದ ದ್ರವ್ಯದ ನಕ್ಷೆಯನ್ನು ನಂಬಿ 900 ಕೋಟಿ ವರ್ಷದ ಬೆಳಕಿಗೆ ಟೈಮ್ ಟೇಬಲ್ ಹಾಕಿದರು, ಅದು ಹೊಂದಿತು. ದೂರದ ವಿಶ್ವದ ಬಗ್ಗೆ ಗೊಂಚಲುಗಳ ಮೂಲಕ ಯಾರು ಏನೇ ಹೇಳಿದರೂ ನಾನು ಕಿವಿಗೊಡುವುದು ಈ ಒಂದು ಕಾರಣಕ್ಕೆ.

ಅದೇ ಗೊಂಚಲಿನ ಹಿಂದೆ 2018ರಲ್ಲಿ ಇನ್ನೊಂದು ಸುದ್ದಿ ಬಂತು. ಇಕಾರಸ್ ಎಂದು ಕರೆಯುವ ಒಂದೇ ಒಂದು ನೀಲಿ ನಕ್ಷತ್ರ, 2000 ಪಟ್ಟಿಗೂ ಮೇಲೆ ಹಿಗ್ಗಿ ಕಂಡಿತು. ಮಳೆ ನಿಂತು ನೀರು ತಿಳಿಯಾದ ಮೇಲೆ ನಮ್ಮ ತೋಡುಗಳ ತಳದಲ್ಲಿ, ಮಧ್ಯಾಹ್ನದ ಬಿಸಿಲಿಗೆ ತೆಳುವಾದ ಬೆಳಕಿನ ಗೆರೆಗಳು ಬಲೆಯ ಹಾಗೆ ಅಲ್ಲಾಡುವುದನ್ನು ನೋಡಿದ್ದೀರಲ್ಲ? ಅಲೆಗಳು ಬೆಳಕನ್ನು ಅಲ್ಲಲ್ಲಿ ಒಟ್ಟುಮಾಡಿದ ಗೆರೆಗಳು ಅವು. ಗೊಂಚಲಿನ ಹಿಂದೆಯೂ ಅಂಥ ಗೆರೆಗಳಿವೆ. ಯಾವುದಾದರೂ ನಕ್ಷತ್ರ ಆ ಗೆರೆಯ ತೀರಾ ಹತ್ತಿರ ಬಂದರೆ ಸಾವಿರಗಟ್ಟಲೆ ಪಟ್ಟು ಹೊಳೆಯುತ್ತದೆ. 2022ರ ಏರೆಂಡೆಲ್ ಎಂಬ ಚುಕ್ಕಿ ಕೂಡ ಹೀಗೇ ಸಿಕ್ಕಿದ್ದು, ಅದರ ಬೆಳಕು 1290 ಕೋಟಿ ವರ್ಷ ಹಿಂದಿನದು. ಅದು ಒಂದೇ ನಕ್ಷತ್ರವೋ ಪುಟ್ಟ ನಕ್ಷತ್ರಗುಚ್ಛವೋ ಎಂಬ ಚರ್ಚೆ ನಡೆಯುತ್ತಿದೆ, ನಡೆಯಲೇಬೇಕು. ಏಬೆಲ್ 370ರ ಅದೇ ಹಳೇ ಕಮಾನಿನಲ್ಲಿ ವೆಬ್ 40ಕ್ಕೂ ಹೆಚ್ಚು ನಕ್ಷತ್ರಗಳನ್ನು ಬಿಡಿಬಿಡಿಯಾಗಿ ತೋರಿಸಿದ ವರದಿ 2025ರ ಜನವರಿಯಲ್ಲಿ ಬಂತು.

ಎಲ್ಲವೂ ಹೊಂದಿಕೊಂಡಿದೆ ಎಂದೇನಲ್ಲ. ಕೊಯಮತ್ತೂರಿನಲ್ಲಿ ಹುಟ್ಟಿ ಈಗ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಪ್ರಿಯಂವದಾ ನಟರಾಜನ್ ಗೊಂಚಲುಗಳಲ್ಲಿ ಡಾರ್ಕ್ ಮ್ಯಾಟರ್ ನಕ್ಷೆ ಮಾಡುವುದರಲ್ಲಿ ದೊಡ್ಡ ಹೆಸರು. ಅವರೂ ಇದ್ದ ಒಂದು ತಂಡ 2020ರಲ್ಲಿ ತೋರಿಸಿದ್ದು ಇದು: ಗೊಂಚಲಿನೊಳಗಿನ ಡಾರ್ಕ್ ಮ್ಯಾಟರ್‌ನ ಸಣ್ಣ ಸಣ್ಣ ಗಂಟುಗಳು, ಕಂಪ್ಯೂಟರಿನ ಲೆಕ್ಕ ಹೇಳುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಲೆನ್ಸ್ ಪರಿಣಾಮ ಕೊಡುತ್ತಿವೆ. ತಪ್ಪು ಲೆಕ್ಕದಲ್ಲಿದೆಯೋ, ಡಾರ್ಕ್ ಮ್ಯಾಟರ್ ಬಗೆಗಿನ ನಮ್ಮ ತಿಳಿವಳಿಕೆಯಲ್ಲೇ ಇದೆಯೋ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ವಿಶ್ವದ ಹಿಗ್ಗುವ ವೇಗದ್ದೂ ಹಾಗೇ. ಅದನ್ನು ಹೇಳುವುದು, ಸುಮಾರು 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿ. ರೆಫ್ಸ್‌ಡಾಲ್ ಸೂಪರ್‌ನೋವಾದಿಂದ 65ರ ಆಸುಪಾಸಿನ ಸಂಖ್ಯೆ ಬಂದರೆ, 2023ರಲ್ಲಿ ಬೇರೊಂದು ಗೊಂಚಲಿನ ಹಿಂದೆ ಸಿಕ್ಕ ಸೂಪರ್‌ನೋವಾದಿಂದ 75ರ ಆಸುಪಾಸಿನದು ಬಂತು. ಇನ್ನಷ್ಟು ಸೂಪರ್‌ನೋವಾಗಳು ಬೇಕು.

ಇಲ್ಲಿರುವ ಕಾಲೇಜು ಮಕ್ಕಳಿಗೆ ಒಂದು ಮಾತು. ಹಬಲ್ 2013ರಿಂದ ಆರು ಗೊಂಚಲುಗಳನ್ನು ಆಳವಾಗಿ ನೋಡಿ ಫ್ರಾಂಟಿಯರ್ ಫೀಲ್ಡ್ಸ್ ಎಂಬ ಯೋಜನೆ ಮಾಡಿತು. ಅದರ ಚಿತ್ರಗಳನ್ನೂ ಬೇರೆ ಬೇರೆ ತಂಡಗಳ ತೂಕದ ನಕ್ಷೆಗಳನ್ನೂ ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಉಡುಪಿಯ ಮನೆಯಲ್ಲಿ ಕೂತು, ಹೊರಗೆ ಮಳೆ ಹೊಯ್ಯುತ್ತಿದ್ದರೂ, ಲ್ಯಾಪ್‌ಟಾಪಿನಲ್ಲಿ ಏಬೆಲ್ 370 ತೆರೆದು ಒಂದೇ ಗ್ಯಾಲಕ್ಸಿಯ ಬಿಂಬಗಳನ್ನು ಹೊಂದಿಸಿ ನೋಡಿ. ಪಿಲಿಕುಳದ ತಾರಾಲಯಕ್ಕೆ ಹೋಗಿ ಬಂದ ಮೇಲೆ ಮುಂದೇನು ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ತಾರೀಕು ಬರೆದಿಟ್ಟುಕೊಳ್ಳಿ. ಮ್ಯಾಕ್ಸ್ ಜೆ0138 ಗೊಂಚಲಿನ ಹಿಂದಿನ ಒಂದು ಗ್ಯಾಲಕ್ಸಿಯಲ್ಲಿ ರೆಕ್ವಿಯಮ್ ಎಂಬ ಸೂಪರ್‌ನೋವಾ ಆಗಿತ್ತು. 2016ರ ಹಬಲ್ ಚಿತ್ರದಲ್ಲಿ ಅದರ ಮೂರು ಬಿಂಬ ಇದ್ದವು, ಗೊತ್ತಾಗಿದ್ದು ಮಾತ್ರ ಮೂರು ವರ್ಷ ಕಳೆದ ಮೇಲೆ. ಆಗ ನಾಲ್ಕನೇ ಬಿಂಬ ಇನ್ನೂ ದಾರಿಯಲ್ಲಿತ್ತು. 2021ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅದು ಬರುವುದು 2037ರ ಸುಮಾರಿಗೆ, ಎರಡು ವರ್ಷ ಆಚೀಚೆ. ಮುಂದಿನ ಸಾಲಿನಲ್ಲಿ ಕೂತಿರುವ ಹೈಸ್ಕೂಲ್ ಮಕ್ಕಳಲ್ಲಿ ಯಾರಾದರೂ ಆ ಹೊತ್ತಿಗೆ ಆ ಚಿತ್ರ ತೆಗೆಯುವ ತಂಡದಲ್ಲೇ ಇರಬಹುದು.

ಈಗ ನೀವು ಕೇಳಿ, ಸಮಯ ಇದೆ.