ಶ್ರೀಲಂಕಾ: ಯಾವ ತಿಂಗಳು, ಯಾವ ಕಡಲು, ಚೀಲದಲ್ಲಿ ಏನು

ಎಲ್ಲರಿಗೂ ನಮಸ್ಕಾರ.

ಶ್ರೀಲಂಕಾಕ್ಕೆ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಒಂದೇ ಮಾತು. "ಯಾವ ತಿಂಗಳು ಒಳ್ಳೇದು?" ನಾನು ತಕ್ಷಣ ಉತ್ತರ ಹೇಳುವುದಿಲ್ಲ. "ಯಾವ ಕಡೆಗೆ ಹೋಗ್ತೀರಿ?" ಅಂತ ತಿರುಗಿ ಕೇಳುತ್ತೇನೆ. ಅದು 65,610 ಚದರ ಕಿಲೋಮೀಟರಿನ ದೇಶ. ನಮ್ಮ ಕರ್ನಾಟಕದ ಹೆಚ್ಚು ಕಡಿಮೆ ಮೂರನೇ ಒಂದು ಭಾಗ. ಅಷ್ಟು ಪುಟ್ಟ ನೆಲದಲ್ಲೇ, ಒಂದೇ ದಿನ, ಒಂದು ಕಡಲ ತೀರದಲ್ಲಿ ಧೋ ಅಂತ ಮಳೆ, ಇನ್ನೊಂದು ತೀರದಲ್ಲಿ ಸುಡು ಬಿಸಿಲು ಇರುತ್ತದೆ.

ಮೊದಲ ಸಲ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಜೂನ್ ತಿಂಗಳು. ನಾನು, ಅಮ್ಮ, ನನ್ನ ಮಗಳು. ಟಿಕೆಟ್ ಮಾಡಿಸಿಕೊಟ್ಟವರು ಹಿಕ್ಕಡುವದಲ್ಲಿ ನಾಲ್ಕು ದಿನ ಹಾಕಿದ್ದರು. ಅದು ದಕ್ಷಿಣ ಪಶ್ಚಿಮದ ಕರಾವಳಿ. ರೇಟು ಕಡಿಮೆ ಸಿಕ್ಕಿತು ಅಂತ ನಾವೂ ಒಪ್ಪಿಕೊಂಡೆವು. ಹೋಗಿ ನೋಡಿದರೆ ದಡದ ಮೇಲೆ ಕೆಂಪು ಬಾವುಟ. ತೆಂಗಿನ ಮರದ ಬುಡಕ್ಕೇ ಬಂದು ಬಡಿಯುವ ಅಲೆ. ಮಗಳು ಈಜುವ ಬಟ್ಟೆ ಹಾಕಿಕೊಂಡು ಕಿಟಕಿ ಹತ್ತಿರ ನಾಲ್ಕು ದಿನವೂ ಕೂತಿದ್ದಳು. ಕೊನೆಗೆ ಹೋಟೆಲಿನ ಹುಡುಗ ಹೇಳಿದ, "ನೀವು ಈಗ ಟ್ರಿಂಕೋಗೆ ಹೋಗಬೇಕಿತ್ತು ಅಕ್ಕಾ. ಅಲ್ಲಿ ಸಮುದ್ರ ಕೆರೆ ಥರ ಇರುತ್ತೆ." ಟ್ರಿಂಕೋ ಅಂದರೆ ಪೂರ್ವ ತೀರದ ಟ್ರಿಂಕೋಮಲಿ. ಆ ಮಾತು ಕೇಳಿದ ದಿನವೇ ಅವನ ಹತ್ತಿರ ಒಂದು ನಕ್ಷೆ ಇಸಿದುಕೊಂಡು, ಎಲ್ಲಿ ಯಾವಾಗ ಮಳೆ ಅಂತ ಬರೆಸಿಕೊಂಡೆ. ಇವತ್ತು ತಂದಿರುವುದು ಅದೇ ನಕ್ಷೆ.

ಇದನ್ನು ಅರ್ಥ ಮಾಡಿಕೊಳ್ಳೋದು ಕನ್ನಡಿಗರಿಗೆ ಕಷ್ಟವೇ ಅಲ್ಲ. ನಮಗೆ ಮುಂಗಾರು ಗೊತ್ತು, ಹಿಂಗಾರು ಗೊತ್ತು. ಜುಲೈನಲ್ಲಿ ಆಗುಂಬೆಯಲ್ಲಿ ಕೊಡೆ ಮಡಚೋಕೆ ಆಗಲ್ಲ. ಅದೇ ದಿನ ಚಳ್ಳಕೆರೆ ಮೇಲೆ ಮೋಡ ಸುಮ್ನೆ ತೇಲಿ ಹೋಗುತ್ತದೆ, ಹನಿ ಬೀಳಲ್ಲ. ಘಟ್ಟ ಮಳೆಯನ್ನು ತಡೆದು ನಿಲ್ಲಿಸಿಕೊಳ್ಳುತ್ತದೆ, ಅಲ್ವಾ? ಲಂಕೆಯ ನಡುವೆಯೂ ಅಂಥದ್ದೇ ಬೆಟ್ಟಸಾಲು ಇದೆ. ಅಲ್ಲಿನ ಅತಿ ಎತ್ತರದ ಶಿಖರ ಪಿದುರುತಲಾಗಲ 2,524 ಮೀಟರ್. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಗಾಳಿ ನೈಋತ್ಯದಿಂದ ಬರುತ್ತದೆ. ಕೊಲಂಬೊ, ಗಾಲ್, ರತ್ನಪುರ, ಬೆಟ್ಟದ ಪಶ್ಚಿಮದ ಇಳಿಜಾರು ನೆನೆಯುತ್ತವೆ. ಟ್ರಿಂಕೋಮಲಿ, ಮಟ್ಟಕಳಪ್ಪು, ಜಾಫ್ನಾ ಒಣಗಿರುತ್ತವೆ. ಡಿಸೆಂಬರಿಂದ ಫೆಬ್ರವರಿ ತನಕ ಗಾಳಿ ಈಶಾನ್ಯದಿಂದ. ಆಗ ಪೂರ್ವ ಮತ್ತು ಉತ್ತರಕ್ಕೆ ಮಳೆ, ಗಾಲ್ ಕಡೆಗೆ ತಿಳಿ ಬಿಸಿಲು. ಅಲ್ಲಿನ ರೈತರೂ ಎರಡು ಬೆಳೆಗೆ ಎರಡು ಹೆಸರು ಇಟ್ಟುಕೊಂಡಿದ್ದಾರೆ. ಈಶಾನ್ಯದ ಮಳೆಗೆ ಬೆಳೆಯುವುದು ಮಹಾ, ನೈಋತ್ಯದ ಕಾಲದ ಬೆಳೆ ಯಾಲಾ.

ಹಾಗಾಗಿ ನಮಗೆ ಸಿಗುವ ರಜೆಯಿಂದಲೇ ಲೆಕ್ಕ ಶುರು ಮಾಡೋಣ. ನಮ್ಮಲ್ಲಿ ಮಕ್ಕಳ ರಜೆ ನೋಡದೆ ಯಾರೂ ಹೊರಡಲ್ಲ.

ಬೇಸಿಗೆ ರಜೆ ಅಂದರೆ ಏಪ್ರಿಲ್, ಮೇ. ಏಪ್ರಿಲ್ 13, 14 ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಲ್ಲಿನ ಎಲ್ಲರೂ ಊರಿಗೆ ಹೊರಡುತ್ತಾರೆ. ಬಸ್ಸು, ರೈಲು ತುಂಬಿರುತ್ತವೆ, ಕೊಲಂಬೊದಲ್ಲಿ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ನುವರ ಎಲಿಯದಲ್ಲಿ ಏಪ್ರಿಲ್ ಪೂರ್ತಿ ಜಾತ್ರೆಯ ಹಾಗೆ ಜನ, ರೂಮಿನ ಬಾಡಿಗೆಯೂ ಜಾಸ್ತಿ. ಆ ವಾರ ಕಳೆದ ಮೇಲೆ ಹೋಗುವುದು ಒಳ್ಳೆಯದು. ಮೇ ಆದರೆ ಪೂರ್ವದ ಕಡಲಿಗೆ ಹೋಗಿ. ನಿಲಾವೆಲಿ, ಪಾಸಿಕುಡ. ಪಾಸಿಕುಡದಲ್ಲಿ ನೀರಿನೊಳಗೆ ತುಂಬ ದೂರ ನಡೆದರೂ ಸೊಂಟದ ಮೇಲೆ ಬರಲ್ಲ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ.

ದಸರಾ ರಜೆ ಸ್ವಲ್ಪ ತೊಡಕಿನದು. ಅಕ್ಟೋಬರ್, ನವೆಂಬರ್ ಎರಡು ಮಳೆಗಾಲಗಳ ನಡುವಿನ ಸಂಧಿ. ಆಗ ಮಳೆಗೆ ಈ ಕಡೆ, ಆ ಕಡೆ ಅಂತಿಲ್ಲ, ದೇಶದ ತುಂಬ ಬರುತ್ತದೆ. ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಸಮೇತ. ಅಕ್ಟೋಬರಿನಲ್ಲಿ ಹೋಗಲೇಬೇಕು ಅಂದರೆ ಬೆಳಿಗ್ಗೆ ಆರಕ್ಕೆ ಹೊರಟು ಎರಡು ಗಂಟೆಯೊಳಗೆ ತಿರುಗಾಟ ಮುಗಿಸಿ. ನವೆಂಬರ್ ಕೊನೆ ಮಾತ್ರ ಬೇಡ ಅಂತಲೇ ಹೇಳುತ್ತೇನೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲ ಅದು. 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಬಂದಾಗ ಬೆಟ್ಟಗಳು ಕುಸಿದವು, ನೂರಾರು ಜನ ಸತ್ತರು, ರೈಲು ಹಳಿಗಳು ಕೊಚ್ಚಿ ಹೋದವು. ಪಾಪ, ಅವರ ಕಷ್ಟದ ಹೊತ್ತಿನಲ್ಲಿ ನಾವು ಪ್ರವಾಸಿಗಳಾಗಿ ಅಲ್ಲಿ ಸಿಕ್ಕಿಕೊಂಡರೆ ಅವರಿಗೂ ಹೊರೆ, ನಮಗೂ ಅಪಾಯ.

ಡಿಸೆಂಬರ್ ಮಧ್ಯದಿಂದ ಮಾರ್ಚ್ ತನಕ ಗಾಲ್, ಮಿರಿಸ್ಸ ಕಡೆಗೆ ಒಳ್ಳೆಯ ಕಾಲ. ಮಿರಿಸ್ಸದಿಂದ ದೋಣಿಯಲ್ಲಿ ಹೋದರೆ ನೀಲಿ ತಿಮಿಂಗಿಲ ಕಾಣುವುದೂ ಆಗಲೇ. ಆದರೆ ಕ್ರಿಸ್ಮಸ್ ವಾರ ಬಾಡಿಗೆ ವಿಪರೀತ. ಜನವರಿ ಕೊನೆಗೆ ರಜೆ ಹಾಕೋಕೆ ಆಗುವವರು ಆಗಲೇ ಹೋಗಿ.

ಆಗಸ್ಟ್, ಸೆಪ್ಟೆಂಬರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನಗೆ ತುಂಬ ಇಷ್ಟದ ಕಾಲ ಅದು. ಮಳೆಗಾಲ ಅಂತ ನಮ್ಮವರು ಆಗ ಹೋಗಲ್ಲ. ಆದರೆ ಉತ್ತರ ಮಧ್ಯದ ಒಣ ಸೀಮೆ, ಅಂದರೆ ಅನುರಾಧಪುರ, ಪೊಲೊನ್ನರುವ, ಸಿಗಿರಿಯದ ಕಡೆ, ಆಗ ಒಣಗಿರುತ್ತದೆ. ನಮ್ಮ ಬಯಲುಸೀಮೆಯ ಹಾಗೆಯೇ ಅದು ಕೆರೆಗಳ ನಾಡು. ಮಿನ್ನೇರಿಯ ಕೆರೆಯನ್ನು ಮಹಾಸೇನ ಅನ್ನುವ ರಾಜ 3ನೇ ಶತಮಾನದಲ್ಲಿ ಕಟ್ಟಿಸಿದ್ದು. ಒಣ ಕಾಲ ಬಲಿತಂತೆ ನೀರು ಹಿಂದೆ ಸರಿಯುತ್ತದೆ. ಕೆರೆಯಂಗಳದಲ್ಲಿ ಎಳೆ ಹುಲ್ಲು ಏಳುತ್ತದೆ. ಸುತ್ತಲಿನ ಕಾಡುಗಳಲ್ಲಿ ನೀರಿಲ್ಲದ ಆನೆಗಳೆಲ್ಲ ಅಲ್ಲಿಗೆ ಬರುತ್ತವೆ. ನಾನು ಹೋಗಿದ್ದ ದಿನ ಸಂಜೆ ನಾಲ್ಕಕ್ಕೆ ಕಾಡಿನ ಅಂಚಿನಿಂದ ಮೊದಲು ಒಂದು ಹೆಣ್ಣಾನೆ ಹೊರಗೆ ಬಂತು. ಸೊಂಡಿಲೆತ್ತಿ ಗಾಳಿ ಮೂಸಿತು. ಅದರ ಹಿಂದೆ ಮರಿ, ಅದರ ಹಿಂದೆ ಇನ್ನಷ್ಟು. ಅರ್ಧ ಗಂಟೆಯಲ್ಲಿ ನಾನು ಎಣಿಸುವುದನ್ನು ಬಿಟ್ಟೆ. ಹುಲ್ಲನ್ನು ಕಾಲಿನಿಂದ ಕೆದರಿ, ಸೊಂಡಿಲಲ್ಲಿ ಸುತ್ತಿ, ಮೊಣಕಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತಿದ್ದವು. ನಮ್ಮ ಅಜ್ಜಿ ಮೂಲಂಗಿ ಸೊಪ್ಪು ಕೊಡವಿದ ಹಾಗೆ. ಒಂದು ಎಚ್ಚರಿಕೆ. ಕೆಲವು ವರ್ಷ ಮೇಲಿನ ಜಲಾಶಯದಿಂದ ನೀರು ಬಿಟ್ಟು ಕೆರೆ ತುಂಬಿರುತ್ತದೆ. ಆಗ ಹುಲ್ಲೂ ಇಲ್ಲ, ಆನೆಯೂ ಇಲ್ಲ. ಹಿಂದಿನ ದಿನವೇ ಊರಿನ ಜೀಪಿನವರನ್ನು ಕೇಳಿ. ಆನೆಗಳು ಹತ್ತಿರದ ಕೌಡುಲ್ಲದಲ್ಲಿ ಇವೆ ಅಂದರೆ ಅಲ್ಲಿಗೇ ಹೋಗಿ. ಜುಲೈ, ಆಗಸ್ಟಿನಲ್ಲೇ ಕ್ಯಾಂಡಿಯ ಎಸಲ ಪೆರಹೆರ, ಅಂದರೆ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದಂತ ಮಂದಿರದ ಮೆರವಣಿಗೆ. ಅದರ ತಾರೀಕು ಚಂದ್ರನ ಲೆಕ್ಕ, ಪ್ರತಿ ವರ್ಷ ಬದಲಾಗುತ್ತದೆ.

ಚಂದ್ರನ ಮಾತು ಬಂತು, ಅದಕ್ಕೇ ಹೇಳಿಬಿಡುತ್ತೇನೆ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ. ಪೋಯಾ ಅನ್ನುತ್ತಾರೆ. ಆವತ್ತು ದೇವಸ್ಥಾನಗಳಲ್ಲಿ ಬಿಳಿ ಬಟ್ಟೆ ತೊಟ್ಟ ಜನ ತುಂಬಿರುತ್ತಾರೆ, ಮದ್ಯದ ಅಂಗಡಿ ಮುಚ್ಚಿರುತ್ತದೆ, ಎಷ್ಟೋ ಕಚೇರಿಗಳೂ ಅಷ್ಟೇ. ನಮ್ಮ ಮನೆಯ ಕ್ಯಾಲೆಂಡರ್ ನೋಡಿದರೆ ಸಾಕು, ಹುಣ್ಣಿಮೆ ಅದರಲ್ಲೇ ಇರುತ್ತೆ.

ಈಗ ಚೀಲ ಕಟ್ಟೋಣ.

ಕೊಲಂಬೊದಲ್ಲಿ ವರ್ಷವಿಡೀ ಸರಾಸರಿ 27, 28 ಡಿಗ್ರಿ. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಮಂಗಳೂರಿನ ಮೇ ತಿಂಗಳಿನ ಸೆಕೆ ಗೊತ್ತಿರುವವರಿಗೆ ನಾನು ಹೇಳುವುದು ಅರ್ಥವಾಗುತ್ತೆ. ಬೆವರು ಆರೋದಿಲ್ಲ. ಒಗೆದ ಬಟ್ಟೆ ಒಣಗೋದಿಲ್ಲ. ಅದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ತೆಗೆದುಕೊಂಡು ಹೋಗಬೇಕು ಅಂದುಕೊಂಡ ಬಟ್ಟೆಯನ್ನು ರಾತ್ರಿ ಒಗೆದು, ಹಿಂಡಿ, ಬಚ್ಚಲುಮನೆಯಲ್ಲೇ ನೇತು ಹಾಕಿ. ಬೆಳಿಗ್ಗೆ ಹೊತ್ತಿಗೆ ಒಣಗಿದ್ದರೆ ಚೀಲಕ್ಕೆ ಹಾಕಿ. ಜೀನ್ಸ್ ಈ ಪರೀಕ್ಷೆಯಲ್ಲಿ ಎಂದೂ ಪಾಸಾಗಲ್ಲ. ದಪ್ಪ ಟರ್ಕಿ ಟವೆಲ್ಲೂ ಅಷ್ಟೇ. ನಮ್ಮ ತೆಳು ಚೌಕವೇ ಸರಿ. ಪಂಚೆಯೂ ಒಂದಿರಲಿ. ಹಾಸೋಕೆ, ಹೊದೆಯೋಕೆ, ಉಡೋಕೆ ಬರುತ್ತದೆ. ಅಲ್ಲಿನ ಗಂಡಸರೂ ಸರಂ ಅಂತ ಉಡುವುದು ಹೆಚ್ಚು ಕಡಿಮೆ ಅದನ್ನೇ.

ದೇವಸ್ಥಾನಗಳಿಗೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬಿಳಿ ಅಥವಾ ತಿಳಿ ಬಣ್ಣವಾದರೆ ಇನ್ನೂ ಚೆನ್ನ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಅವರಿಗೆ ಅದು ನಿಜವಾಗಿ ನೋವಾಗುತ್ತೆ.

ಎರಡು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ ಅಂತ ಯಾರೂ ಹೇಳಿಕೊಡಲ್ಲ. ಅನುರಾಧಪುರದ ರುವನ್ವೆಲಿ ಸ್ತೂಪಕ್ಕೆ ನಾವು ಹೋದಾಗ ಮಧ್ಯಾಹ್ನ ಹನ್ನೆರಡೂವರೆ. ಚಪ್ಪಲಿ ಹೊರಗೆ ಬಿಡಬೇಕು. ಅಂಗಳ ದೊಡ್ಡದು, ಕಲ್ಲು ಕಾದು ಕಾವಲಿಯಾಗಿತ್ತು. ಅಮ್ಮ ಹತ್ತು ಹೆಜ್ಜೆ ಹೋದರು, ನಿಂತರು. ಮುಂದೆ ಹೋಗೋಕೂ ಆಗದು, ಹಿಂದೆ ಬರೋಕೂ ಆಗದು. ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು ನನ್ನ ಭುಜ ಹಿಡಿದರು. ಬುಟ್ಟಿಯಲ್ಲಿ ನೈದಿಲೆ ಹಿಡಿದು ಬರುತ್ತಿದ್ದ ಒಬ್ಬರು ಅಜ್ಜಿ ಅದನ್ನು ನೋಡಿದರು. ತಮ್ಮ ಚೀಲದಿಂದ ಒಂದು ಜೊತೆ ಬಿಳಿ ಕಾಲುಚೀಲ ತೆಗೆದರು. ಹಿಮ್ಮಡಿ ಹತ್ತಿರ ಹೊಲಿಗೆ ಹಾಕಿದ್ದ ಹಳೆಯ ಕಾಲುಚೀಲ. ಅಮ್ಮನ ಕೈಗಿಟ್ಟು, ಒಂದು ನೈದಿಲೆಯನ್ನೂ ಕೊಟ್ಟು, ಏನೋ ಸಿಂಹಳದಲ್ಲಿ ಹೇಳಿ ಹೋದರು. ಆ ಕಾಲುಚೀಲ ಅಮ್ಮನ ಬೀರುವಿನಲ್ಲಿ ಇನ್ನೂ ಇದೆ.

ಸೆಕೆಯ ದೇಶ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ನುವರ ಎಲಿಯ 1,868 ಮೀಟರ್ ಎತ್ತರದಲ್ಲಿದೆ. ಜನವರಿ, ಫೆಬ್ರವರಿ ರಾತ್ರಿಗಳಲ್ಲಿ ಒಮ್ಮೊಮ್ಮೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಶ್ರೀಪಾದ ಬೆಟ್ಟ 2,243 ಮೀಟರ್. ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆ ತನಕ ಜನ ರಾತ್ರಿಯೇ ಹತ್ತುತ್ತಾರೆ. ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹತ್ತುವಾಗ ಮೈಯೆಲ್ಲ ಬೆವರು. ಮೇಲೆ ಹೋಗಿ ಸೂರ್ಯ ಹುಟ್ಟುವುದನ್ನು ಕಾಯುತ್ತಾ ಕೂತರೆ ಆ ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿ ಹಲ್ಲು ಕಟಕಟ ಅನ್ನುತ್ತದೆ. ಒಂದು ಒಣ ಬನಿಯನ್, ಸ್ವೆಟರ್, ಕಿವಿ ಮುಚ್ಚುವ ಟೋಪಿ, ಟಾರ್ಚ್. ಇಷ್ಟು ಬೆನ್ನ ಮೇಲಿನ ಚೀಲದಲ್ಲಿರಲಿ.

ಮಳೆಗೆ ರೈನ್‌ಕೋಟೋ ಕೊಡೆಯೋ? ಊರಲ್ಲಿ, ಕರಾವಳಿಯಲ್ಲಿ ಕೊಡೆ. ಸೆಕೆಯಲ್ಲಿ ರೈನ್‌ಕೋಟ್ ಹಾಕಿದರೆ ಒಳಗಿಂದಲೇ ನೆನೆಯುತ್ತೀರಿ. ಬೆಟ್ಟದ ಗಾಳಿಗೆ ಮಾತ್ರ ರೈನ್‌ಕೋಟ್. ಸಿಂಹರಾಜ ಕಾಡಿಗೆ ಹೋಗುವವರು ಮಲೆನಾಡಿನವರನ್ನು ಕೇಳಿ ಹೋಗಿ. ಅದೇ ಇಂಬಳ, ರಕ್ತ ಹೀರುವ ಜಿಗಣೆ. ಒತ್ತಾಗಿ ನೇಯ್ದ, ಮೊಣಕಾಲ ತನಕ ಬರುವ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ. ಉಪ್ಪಿನ ಪುಟ್ಟ ಪೊಟ್ಟಣ ಜೇಬಿನಲ್ಲಿರಲಿ.

ಸೊಳ್ಳೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಶ್ರೀಲಂಕಾ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಘೋಷಿಸಿತು. ಅವರ ಆರೋಗ್ಯ ಕಾರ್ಯಕರ್ತರ ದೊಡ್ಡ ಸಾಧನೆ ಅದು. ಆದರೆ ಡೆಂಗಿ ಇದೆ. 2017ರ ಒಂದೇ ವರ್ಷದಲ್ಲಿ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರಿಗೆ ಬಂದಿತ್ತು. ಆ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ರಾತ್ರಿ ಪರದೆ ಕಟ್ಟಿಕೊಂಡರೆ ಸಾಲದು. ಬೆಳಿಗ್ಗೆಯೇ ಕೈಕಾಲಿಗೆ ಸೊಳ್ಳೆ ಕ್ರೀಮ್ ಹಚ್ಚಿ, ತುಂಬು ತೋಳಿನ ಬಟ್ಟೆ ಹಾಕಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಅಲ್ಲ ಅಂತ ಗೊತ್ತಾಗುವ ತನಕ ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಬಿಪಿ, ಶುಗರ್ ಮಾತ್ರೆಗಳನ್ನು ಸ್ಟ್ರಿಪ್‌ನಲ್ಲೇ ಇಟ್ಟು, ಚೀಟಿ ಸಮೇತ ಕೈಚೀಲದಲ್ಲಿ ಹಾಕಿ. ಓಆರ್‌ಎಸ್ ಪೊಟ್ಟಣಗಳೂ ಇರಲಿ. ದಾರಿಯುದ್ದಕ್ಕೂ ತಂಬಿಲಿ ಅನ್ನುವ ಕಿತ್ತಳೆ ಬಣ್ಣದ ಎಳನೀರು ಸಿಗುತ್ತದೆ, ಅದನ್ನೂ ಕುಡಿಯಿರಿ.

ಚಾರ್ಜರ್ ಬಗ್ಗೆ ಚಿಕ್ಕ ಮಾತು. ಅಲ್ಲಿ ಹೆಚ್ಚಾಗಿ ಮೂರು ಚೌಕ ಪಿನ್ನಿನ ಪ್ಲಗ್. ನಮ್ಮ ಗುಂಡು ಪಿನ್ ಎಲ್ಲ ಕಡೆ ಕೂರಲ್ಲ, ಒಂದು ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಿದರೆ ವಿಮಾನದಲ್ಲಿ ಬಿಡಲ್ಲ.

ಸಸ್ಯಾಹಾರಿಗಳು ಇದನ್ನು ಗಮನಿಸಿ. ಬೆಳಿಗ್ಗೆ ಒತ್ತು ಶಾವಿಗೆ, ಅಪ್ಪ, ಬೇಳೆ ಸಾರು ಎಲ್ಲ ಸಿಗುತ್ತದೆ, ನಮ್ಮ ನಾಲಿಗೆಗೆ ಹೊಂದುತ್ತದೆ. ಪಕ್ಕದಲ್ಲಿ ಪೋಲ್ ಸಂಬೋಲ್ ಅಂತ ಕೆಂಪಗಿನ ತೆಂಗಿನಕಾಯಿ ಚಟ್ನಿ ಇಡುತ್ತಾರೆ. ನೋಡೋಕೆ ನಮ್ಮ ಕಾಯಿಚಟ್ನಿ ಥರವೇ. ಅದರಲ್ಲಿ ಒಣ ಮೀನಿನ ಪುಡಿ ಹಾಕುವುದು ಸಾಮಾನ್ಯ. ಉಂಬಲಕಡ ಅನ್ನುತ್ತಾರೆ. "ಉಂಬಲಕಡ ಇದೆಯಾ?" ಅಂತ ಕೇಳಿ ಆಮೇಲೆ ಬಡಿಸಿಕೊಳ್ಳಿ. ಹಿರಿಯರನ್ನು ಕರೆದುಕೊಂಡು ಹೋಗುವವರು ಒಂದು ಡಬ್ಬಿ ಚಟ್ನಿಪುಡಿ ಹಾಕಿಕೊಂಡರೆ ನೆಮ್ಮದಿ.

ನಕ್ಷೆ ಇಲ್ಲೇ ಮೇಜಿನ ಮೇಲೆ ಬಿಡಿಸಿಟ್ಟಿದ್ದೇನೆ. ಹೋಟೆಲಿನ ಹುಡುಗ ನೀಲಿ ಪೆನ್ನಿನಲ್ಲಿ ಬರೆದುಕೊಟ್ಟ ತಿಂಗಳುಗಳು ಹಾಗೇ ಇವೆ. ಹತ್ತಿರ ಬನ್ನಿ. ನಿಮಗೆ ರಜೆ ಯಾವಾಗ, ಮನೆಯಲ್ಲಿ ಯಾರ್ಯಾರು ಹೊರಟಿದ್ದೀರಿ ಅಂತ ಹೇಳಿ. ಯಾವ ಕಡಲು ಅಂತ ಬೆರಳಿಟ್ಟು ನೋಡೋಣ.